ಹಂಟರ್‌ಗೆ ಹಾಕಿದ ತೇಪೆಗಳು

ಪ್ಲಾಸ್ಟಿಕ್ ವಿಮಾನದ ಮಾದರಿ ಕಟ್ಟುವ ಕಿಟ್ ಡಬ್ಬ ತೆರೆದ ದಿನ ನಾನು ಮೊದಲು ಕೈಗೆತ್ತಿಕೊಂಡದ್ದು ರೆಕ್ಕೆಯನ್ನಲ್ಲ, ಮೈಯ ಎರಡು ಹೋಳುಗಳನ್ನೂ ಅಲ್ಲ. ಹುಣಸೆ ಬೀಜವನ್ನು ಉದ್ದಕ್ಕೆ ಸೀಳಿದ ಹಾಗಿದ್ದ ಎರಡು ಪುಟ್ಟ ತುಂಡುಗಳನ್ನು. ಹಾಕರ್ ಹಂಟರ್ ಎಂಬ ಬ್ರಿಟಿಷ್ ಜೆಟ್ ಯುದ್ಧವಿಮಾನದ ಮೂಗಿನ ಹಿಂದೆ, ಹೊಟ್ಟೆಯ ಮೇಲೆ, ಎಡಕ್ಕೊಂದು ಬಲಕ್ಕೊಂದು ಅಂಟಿಸುವ ಉಬ್ಬುಗಳು ಅವು. ಬೆರಳ ತುದಿಯಲ್ಲಿಟ್ಟು ತುಂಬಾ ಹೊತ್ತು ನೋಡಿದೆ.

ಹಂಟರ್ ಚಂದದ ವಿಮಾನ ಅಂತ ಎಲ್ಲರೂ ಹೇಳುತ್ತಾರೆ. ನಿಜವೇ. ಹಾಕರ್ ಕಂಪನಿಯ ವಿನ್ಯಾಸಕ ಸಿಡ್ನಿ ಕ್ಯಾಮ್ ಅವರ ತಂಡ ಎಳೆದ ಆ ಗೆರೆಗಳನ್ನು ನೋಡಿದರೆ ಕಣ್ಣು ಎಲ್ಲೂ ಎಡವುವುದಿಲ್ಲ. 1951ರ ಜುಲೈ 20ರಂದು ಇಂಗ್ಲೆಂಡಿನ ಬಾಸ್ಕೂಂಬ್ ಡೌನ್‌ನಲ್ಲಿ ಪರೀಕ್ಷಾ ಪೈಲಟ್ ನೆವಿಲ್ ಡ್ಯೂಕ್ ಮೊದಲ ಸಲ ಹಾರಿಸಿದ ಡಬ್ಲ್ಯುಬಿ188 ವಿಮಾನದ ಮೈಮೇಲೆ ಒಂದೂ ಉಬ್ಬು ಇರಲಿಲ್ಲ. ಅದೇ ವಿಮಾನಕ್ಕೆ ಕೆಂಪು ಬಣ್ಣ ಬಳಿದು, 1953ರ ಸೆಪ್ಟೆಂಬರ್ 7ರಂದು ಅವರು ಗಂಟೆಗೆ ಸುಮಾರು 1,171 ಕಿಲೋಮೀಟರ್ ವೇಗದ ವಿಶ್ವದಾಖಲೆ ಮಾಡಿದರು. ಆದರೆ ದಾಖಲೆ ಮಾಡುವುದು ಬೇರೆ, ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವುದು ಬೇರೆ. ಬ್ರಿಟಿಷ್ ವಾಯುಪಡೆಯ ಕೆಲಸಕ್ಕೆ ಇಳಿದ ಮೇಲೆ ಹಂಟರ್‌ನ ಒಂದೊಂದೇ ತೊಂದರೆ ಹೊರಬಂತು. ಒಂದೊಂದಕ್ಕೂ ಒಂದು ತೇಪೆ ಹಾಕಿದರು. ನನಗೆ ಈ ವಿಮಾನದ ಮೇಲೆ ಪ್ರೀತಿ ಹುಟ್ಟಿದ್ದು ಆ ತೇಪೆಗಳಿಂದ.

ಹಾಗಾಗಿ ಈ ಸಲ ತೇಪೆ ಜಾಸ್ತಿ ಇರುವ ಹಂಟರನ್ನೇ ಕಟ್ಟಬೇಕು ಅಂತ ತೀರ್ಮಾನ ಮಾಡಿದೆ. ಸಿಕ್ಕಿದ್ದು 1/48 ಅಳತೆಯ, ಹಂಟರ್‌ನ ಎಫ್.6 ಎಂಬ ಆವೃತ್ತಿಯ ಕಿಟ್. ನನಗೆ ಬೇಕಿದ್ದದ್ದು ನೆಲದ ಗುರಿಗಳ ಮೇಲೆ ದಾಳಿ ಮಾಡಲು ಮಾರ್ಪಡಿಸಿದ ಎಫ್‌ಜಿಎ.9. ವ್ಯತ್ಯಾಸವನ್ನು ಕೈಯಾರೆ ಮಾಡಿಕೊಳ್ಳಬೇಕು. ಸ್ಕ್ವಾಡ್ರನ್ ಯಾವುದು ಅನ್ನುವುದು ಮೊದಲೇ ಗೊತ್ತಿತ್ತು. 43ನೇ ಸ್ಕ್ವಾಡ್ರನ್. 1954ರ ಜುಲೈಯಲ್ಲಿ ಸ್ಕಾಟ್‌ಲ್ಯಾಂಡಿನ ಲೂಕರ್ಸ್‌ನಲ್ಲಿ ಮೊಟ್ಟಮೊದಲು ಹಂಟರ್ ಪಡೆದವರು ಅವರೇ. 1963ರಿಂದ 67ರವರೆಗೆ, ಆಗ ಬ್ರಿಟಿಷರ ಕೈಯಲ್ಲಿದ್ದ ಅರೇಬಿಯಾದ ಏಡನ್‌ನ ಖೋರ್ಮಕ್ಸರ್ ನೆಲೆಯಲ್ಲಿ ಎಫ್‌ಜಿಎ.9 ಹಾರಿಸಿದವರೂ ಅವರೇ. ಅವರ ಲಾಂಛನ ಕಾಳಗದ ಹುಂಜ. 1920ರ ದಶಕದಲ್ಲಿ ಹಾರಿಸುತ್ತಿದ್ದ ಗೇಮ್‌ಕಾಕ್ ಎಂಬ ವಿಮಾನದಿಂದ ಬಂದ ಗುರುತು ಅದು. ಕೋಳಿ ಅಂಕದ ಸುದ್ದಿ ಕೇಳುತ್ತಾ ಬೆಳೆದ ಮಂಗಳೂರಿನವನಿಗೆ ಆ ಹುಂಜ ಕಣ್ಣಿಗೆ ಬಿದ್ದ ಮೇಲೆ ಬೇರೆ ಸ್ಕ್ವಾಡ್ರನ್ ಹುಡುಕಲು ಮನಸ್ಸೇ ಬರಲಿಲ್ಲ.

ಅಳತೆ ಒಮ್ಮೆ ಲೆಕ್ಕ ಹಾಕಿಕೊಂಡೆ. ನಿಜವಾದ ಹಂಟರ್ ಉದ್ದ ಸುಮಾರು 13.98 ಮೀಟರ್, ರೆಕ್ಕೆಯ ಅಗಲ 10.26 ಮೀಟರ್. 48ರಿಂದ ಭಾಗಿಸಿದರೆ 29.1 ಸೆಂಟಿಮೀಟರ್, 21.4 ಸೆಂಟಿಮೀಟರ್. ಸ್ಕೇಲ್ ಇಟ್ಟು ನೋಡಿದೆ, ಕಿಟ್ ಸರಿಯಾಗಿಯೇ ಇದೆ.

ಸೀಟು, ಸೀಸ

ಕಾಕ್‌ಪಿಟ್ ಸಣ್ಣದು, ಒಳಗೆಲ್ಲ ಕಪ್ಪು. ಕಪ್ಪು ಅಂತ ಬರೀ ಕಪ್ಪು ಬಳಿದರೆ ಗುಂಡಿಯ ಹಾಗೆ ಕಾಣುತ್ತದೆ. ಗಾಢ ಬೂದು ಬಳಿದು, ಮೂಲೆಗಳಿಗೆ ಮಾತ್ರ ಕಪ್ಪು ಇಳಿಸಿದೆ. ಸೀಟು ಮಾರ್ಟಿನ್-ಬೇಕರ್ ಕಂಪನಿಯ ಇಜೆಕ್ಷನ್ ಸೀಟು. ಅದರ ತಲೆಯ ಮೇಲೆ ಹಳದಿ-ಕಪ್ಪು ಪಟ್ಟೆಯ ಹಿಡಿ ಇರುತ್ತದೆ. ಅದನ್ನು ಎರಡೂ ಕೈಯಲ್ಲಿ ಹಿಡಿದು ಮುಖದ ಮುಂದಕ್ಕೆ ಎಳೆದರೆ ಜೊತೆಗೆ ಒಂದು ಬಟ್ಟೆಯ ಪರದೆಯೂ ಬರುತ್ತದೆ. ಹೊರಗೆ ಎಸೆದಾಗ ಬಡಿಯುವ ಗಾಳಿಯಿಂದ ಮುಖ ಕಾಪಾಡಲಿಕ್ಕೆ ಆ ಪರದೆ. ಕಿಟ್‌ನಲ್ಲಿ ಈ ಹಿಡಿ ಸೀಟಿಗೇ ಅಂಟಿಕೊಂಡ ಗೆರೆಯಾಗಿ ಇತ್ತು. ಕೆರೆದು ತೆಗೆದೆ. ಹಳೇ ಇಯರ್‌ಫೋನ್ ತಂತಿಯೊಳಗಿನ ತಾಮ್ರದ ಎಳೆ ಬಾಗಿಸಿ ಹೊಸದು ಮಾಡಿದೆ. ಹಳದಿ ಒಣಗಿದ ಮೇಲೆ ಕಪ್ಪು ಪಟ್ಟೆ ಎಳೆಯಲು ಒಂದು ಸಂಜೆ ಪೂರ್ತಿ ಹೋಯಿತು. ಉಸಿರು ಬಿಗಿಹಿಡಿದು ಒಂದು ಪಟ್ಟೆ, ಆಮೇಲೆ ಕೈಗೆ ವಿಶ್ರಾಂತಿ.

ಹಂಟರ್ ಮೂರು ಚಕ್ರದ ಮೇಲೆ ನಿಲ್ಲುತ್ತದೆ. ನಿಜ ವಿಮಾನದಲ್ಲಿ ಮೂಗಿನ ಭಾಗದಲ್ಲಿ ತೋಪುಗಳ ಭಾರ ಇರುತ್ತದೆ. ಪ್ಲಾಸ್ಟಿಕ್‌ನಲ್ಲಿ ಅಲ್ಲಿ ಬರೀ ಗಾಳಿ. ತೂಕ ಹಾಕದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ. ಬಂದರಿನ ಹತ್ತಿರದ ಅಂಗಡಿಯಿಂದ ಗಾಳಕ್ಕೆ ಕಟ್ಟುವ ಸೀಸದ ಗುಂಡು ತಂದೆ. ಮೈಯ ಎರಡು ಹೋಳನ್ನು ಟೇಪಿನಿಂದ ಕಟ್ಟಿ, ಮುಖ್ಯ ಚಕ್ರ ಬರುವ ಜಾಗಕ್ಕೆ ಪೆನ್ಸಿಲ್ ಅಡ್ಡ ಇಟ್ಟು, ಮೂಗು ಕೆಳಗೆ ಬೀಳುವ ತನಕ ಗುಂಡು ಸೇರಿಸುತ್ತಾ ಹೋದೆ. 30 ಗ್ರಾಂಗೆ ಸಾಕಾಯಿತು. ಅರಾಲ್ಡೈಟ್‌ನಲ್ಲಿ ಕೂರಿಸಿದೆ. ಫೆವಿಕ್ವಿಕ್‌ನಲ್ಲಿ ಕೂರಿಸಬೇಡಿ. ಒಂದು ಪೆಟ್ಟು ಬಿದ್ದು ಸೀಸ ಬಿಟ್ಟುಕೊಂಡರೆ ಮುಚ್ಚಿದ ಮೈಯೊಳಗೆ ಜೀವನಪೂರ್ತಿ ಗಲಗಲ ಅನ್ನುತ್ತಿರುತ್ತದೆ.

ಗಾಳಿ ಹೋಗುವ ದಾರಿ

ರೆಕ್ಕೆ ಮೈಗೆ ಸೇರುವಲ್ಲಿ ಎರಡು ತ್ರಿಕೋನದ ಬಾಯಿಗಳಿವೆ. ಎಂಜಿನ್‌ಗೆ ಗಾಳಿ ಹೋಗುವುದು ಅಲ್ಲಿಂದ. ಒಳಗಿನ ಜೋಡಣೆಯ ಗೆರೆಗೆ ಬೆರಳು ತಲುಪುವುದಿಲ್ಲ. ಗೆರೆಗೆ ಪುಟ್ಟಿ ಹಚ್ಚಿ, ಒದ್ದೆ ಹತ್ತಿಯ ಕಡ್ಡಿಯಿಂದ ಒರೆಸಿ, ಆಮೇಲೆ ತೆಳು ಬಿಳಿ ಬಣ್ಣವನ್ನು ಒಂದು ಕಡೆಯಿಂದ ಸುರಿದು ಇನ್ನೊಂದು ಕಡೆಯಿಂದ ಬಸಿದೆ. ಮೂರು ಸಲ ಹೀಗೆ ಮಾಡಿದ ಮೇಲೆ ಒಳಗೋಡೆ ನುಣುಪಾಯಿತು.

ಈ ಬಾಯಿಗಳ ಬಗ್ಗೆ ಒಂದು ದೊಡ್ಡ ತಲೆನೋವಿನ ಕಥೆ ಇದೆ. ಮೊದಲ ಎಫ್.1 ಹಂಟರ್‌ಗಳಲ್ಲಿ ಎತ್ತರದಲ್ಲಿ ತೋಪು ಹಾರಿಸಿದರೆ, ಅದರ ಬಿಸಿ ಅನಿಲ ಗಾಳಿಯ ಜೊತೆ ಸೇರಿ ಒಳಗೆ ಹೋಗುತ್ತಿತ್ತು. ರೋಲ್ಸ್-ರಾಯ್ಸ್ ಏವನ್ ಎಂಜಿನ್ ಉಸಿರುಗಟ್ಟಿದ ಹಾಗಾಗಿ ಸರ್ಜ್ ಆಗುತ್ತಿತ್ತು, ಅಂದರೆ ಒಳಗಿನ ಗಾಳಿಯ ಹರಿವು ಕೆಡುತ್ತಿತ್ತು. ಕೆಲವು ಸಲ ಆರಿಯೇ ಹೋಗುತ್ತಿತ್ತು. ಯುದ್ಧವಿಮಾನ ತೋಪು ಹಾರಿಸಿದ ಕೂಡಲೇ ಎಂಜಿನ್ ಕೈಕೊಟ್ಟರೆ ಹೇಗೆ? ಅದೇ ಹೊತ್ತಿಗೆ ಸಫೈರ್ ಎಂಜಿನ್ ಹಾಕಿದ ಎಫ್.2ಗೆ ಈ ಕಾಯಿಲೆ ಇರಲಿಲ್ಲ. ಏವನ್‌ಗೆ ಹಾಕಿದ ತೇಪೆ ಸರಳವಾಗಿತ್ತು. ಟ್ರಿಗರ್ ಒತ್ತಿದಾಗ ಎಂಜಿನ್‌ಗೆ ಹೋಗುವ ಇಂಧನ ತಾನಾಗಿ ಸ್ವಲ್ಪ ಕಡಿಮೆಯಾಗುವ ಹಾಗೆ ಮಾಡಿದರು. ಮುಂದೆ ಬಂದ 200 ಸರಣಿಯ ಏವನ್‌ನಲ್ಲಿ, ಗಾಳಿಯನ್ನು ಒತ್ತಿ ಒಳಗೆ ಕಳಿಸುವ ಕಂಪ್ರೆಸರ್‌ನ ಮುಂಭಾಗವನ್ನೇ ಸಫೈರ್ ಮಾದರಿಯಲ್ಲಿ ಬದಲಿಸಿದ ಮೇಲೆ ರೋಗ ವಾಸಿಯಾಯಿತು. ನನ್ನ ಎಫ್‌ಜಿಎ.9ರಲ್ಲಿ ಇರುವುದು ಅದೇ ಸರಣಿಯ 207.

ಎಂಜಿನ್ ವಿಷಯ ಬಂದಾಗ ನಾನು ಚಿಕ್ಕಪ್ಪನಿಗೆ ಫೋನ್ ಮಾಡುತ್ತೇನೆ. ಅವರು ನಮ್ಮ ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರು. ಕಲೈಕುಂಡದಲ್ಲಿ ಹಂಟರ್ ಮೇಲೆ ಕೆಲಸ ಮಾಡಿದ್ದಾರೆ. ಭಾರತ 1957ರಲ್ಲಿ 160 ಹಂಟರ್‌ಗಳಿಗೆ ಆರ್ಡರ್ ಕೊಟ್ಟಿತ್ತು. ಮಾರ್ಕ್ 56 ಅನ್ನುವ ಆ ವಿಮಾನ ಎಫ್.6ರ ತಮ್ಮನೇ.

"ಚಿಕ್ಕಪ್ಪ, ಇದು ಸ್ಟಾರ್ಟ್ ಆಗುವುದು ಹೇಗೆ?" ಅಂತ ಕೇಳಿದೆ.

"ಏವ್‌ಪಿನ್ ಅಂತ ಒಂದು ದ್ರವ ಉಂಟು ಮಾರಾಯ. ಅದಕ್ಕೆ ಉರಿಯಲಿಕ್ಕೆ ಹೊರಗಿನ ಗಾಳಿಯೇ ಬೇಡ. ಬಟನ್ ಒತ್ತಿದರೆ ಎರಡು ಮೂರು ಸೆಕೆಂಡ್ ಕಿರುಚಿದ ಹಾಗೆ ಶಬ್ದ. ಅಷ್ಟರಲ್ಲಿ ಎಂಜಿನ್ ಎದ್ದಿರ್ತದೆ. ಸರಿಯಾಗಿ ಎದ್ದೇಳದಿದ್ರೆ ಬೆಂಕಿ. ಅದಕ್ಕೆ ಒಬ್ಬ ಯಾವಾಗಲೂ ಸಿಲಿಂಡರ್ ಹಿಡ್ಕೊಂಡು ಪಕ್ಕದಲ್ಲೇ ನಿಂತಿರ್ಬೇಕು."

ಆ ಶಬ್ದವನ್ನು ಫೋನಿನಲ್ಲೇ ಮಾಡಿ ತೋರಿಸಿದರು. ಎಪ್ಪತ್ತು ದಾಟಿದ ಮನುಷ್ಯನ ಗಂಟಲಲ್ಲಿ ಅದು ಇನ್ನೂ ಹಾಗೇ ಕೂತಿದೆ.

ನಾಲ್ಕು ನಳಿಕೆ, ಎರಡು ಉಬ್ಬು

ಹಂಟರ್ ಹೊಟ್ಟೆಯಲ್ಲಿ 30 ಮಿಲಿಮೀಟರ್‌ನ ನಾಲ್ಕು ಏಡನ್ ತೋಪುಗಳು. ಊರಿನ ಹೆಸರೂ ಏಡನ್, ತೋಪಿನ ಹೆಸರೂ ಏಡನ್. ಆದರೆ ಸಂಬಂಧ ಇಲ್ಲ. ತೋಪನ್ನು ರೂಪಿಸಿದ ಎನ್‌ಫೀಲ್ಡ್‌ನ ಶಸ್ತ್ರ ಸಂಸ್ಥೆಯ ಹೆಸರಿನ ಅಕ್ಷರಗಳಿಂದ ಆದ ಹೆಸರು ಅದು.

ನನಗೆ ತುಂಬಾ ಹಿಡಿಸಿದ್ದು ಗನ್ ಪ್ಯಾಕ್. ನಾಲ್ಕೂ ತೋಪು, ಅವುಗಳ ಗುಂಡಿನ ಪೆಟ್ಟಿಗೆ ಎಲ್ಲಾ ಒಂದೇ ಗಂಟಾಗಿ ಹೊಟ್ಟೆಯೊಳಗೆ ಕೂರುತ್ತಿತ್ತು. ವಿಮಾನ ಇಳಿದ ಕೂಡಲೇ ಖಾಲಿ ಗಂಟನ್ನು ಕೆಳಗೆ ಇಳಿಸಿ, ತುಂಬಿಟ್ಟ ಇನ್ನೊಂದನ್ನು ಮೇಲಕ್ಕೆ ಎತ್ತಿ ಕೂರಿಸುವುದು. ನಳಿಕೆಗಳು ಮಾತ್ರ ವಿಮಾನದಲ್ಲೇ ಉಳಿಯುತ್ತಿದ್ದವು. ಪಳಗಿದ ತಂಡಕ್ಕೆ ಸುಮಾರು ಏಳು ನಿಮಿಷದ ಕೆಲಸ. ಗುಂಡುಗಳನ್ನು ರೆಕ್ಕೆಯೊಳಗೆ ಒಂದೊಂದೇ ಪಟ್ಟಿಯಾಗಿ ತುರುಕುತ್ತಿದ್ದ ಕಾಲದಿಂದ ಬಂದವರಿಗೆ ಇದು ಎಂಥ ನೆಮ್ಮದಿ ಕೊಟ್ಟಿರಬಹುದು ಅಲ್ವಾ?

ಕಿಟ್‌ನ ನಳಿಕೆಗಳಿಗೆ ತೂತೇ ಇಲ್ಲ. 30 ಮಿಲಿಮೀಟರನ್ನು 48ರಿಂದ ಭಾಗಿಸಿದರೆ 0.62 ಮಿಲಿಮೀಟರ್. ಔಷಧಿ ಅಂಗಡಿಯ ಇಂಜೆಕ್ಷನ್ ಸೂಜಿಗಳಲ್ಲಿ 20 ಗೇಜ್‌ನದ್ದು, ಹಳದಿ ಬುಡದ್ದು, ಒಳತೂತು 0.6 ಬರುತ್ತದೆ. ಇದಕ್ಕಿಂತ ಸರಿಯಾದದ್ದು ಇನ್ನೇನು ಬೇಕು? ಸೂಜಿಯನ್ನು ಕತ್ತರಿಯಿಂದ ಕತ್ತರಿಸಬೇಡಿ, ಬಾಯಿ ಚಪ್ಪಟೆಯಾಗುತ್ತದೆ. ಸಣ್ಣ ಅರದಿಂದ ಸುತ್ತ ಗೀರು ಹಾಕಿ, ಇಕ್ಕಳದಲ್ಲಿ ಹಿಡಿದು ಮುರಿಯಬೇಕು. ಕಣ್ಣಿಗೆ ಕನ್ನಡಕ ಇರಲಿ. ತುಂಡು ಎಲ್ಲಿಗೆ ಹಾರುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ.

ಈಗ ಆ ಎರಡು ಉಬ್ಬು. ತೋಪು ಹಾರಿದಾಗ ಎರಡು ವಸ್ತು ಹೊರಬರುತ್ತವೆ. ಒಂದು ಖಾಲಿ ತೋಟಾ. ಇನ್ನೊಂದು, ಗುಂಡಿನಿಂದ ಗುಂಡಿಗೆ ಕೊಂಡಿಯಾಗಿದ್ದ ಲೋಹದ ಲಿಂಕ್. ತೋಟಾ ಭಾರ, ಕೆಳಗೆ ಬಿದ್ದುಹೋಗುತ್ತಿತ್ತು. ಲಿಂಕ್ ಹಗುರ. ಗಾಳಿಯ ಹೊಡೆತಕ್ಕೆ ತಿರುಗಿ ಬಂದು ವಿಮಾನದ ಹೊಟ್ಟೆಗೇ ಬಡಿಯುತ್ತಿತ್ತು. ಪ್ರತಿ ಸಲ ಗುಂಡು ಹಾರಿಸಿದ ಮೇಲೂ ಹೊಟ್ಟೆಯ ತಗಡಿಗೆ ಗಾಯ. ಅದಕ್ಕೆ ಲಿಂಕ್‌ಗಳನ್ನು ಹೊರಗೆ ಬಿಡುವುದೇ ಬೇಡ, ಹಿಡಿದಿಟ್ಟುಕೊಳ್ಳೋಣ ಅಂತ ಎರಡು ಡಬ್ಬಿ ಕೂರಿಸಿದರು. ಒಳಗೆ ಜಾಗ ಇರಲಿಲ್ಲ, ಹೊರಗೆ ಉಬ್ಬಿಕೊಂಡವು. ಆ ಕಾಲದ ಬ್ರಿಟಿಷ್ ಟಿವಿಯ ಸಬ್ರಿನಾ ಎಂಬ ತಾರೆಯ ಹೆಸರನ್ನು ಪೈಲಟ್‌ಗಳು ಇವಕ್ಕೆ ಇಟ್ಟರು. ಇವತ್ತಿಗೂ ಮಾದರಿ ಕಟ್ಟುವವರೆಲ್ಲ ಸಬ್ರಿನಾ ಅಂತಲೇ ಕರೆಯುವುದು.

ಎಡಗಡೆಯದ್ದು ಮೈಗೆ ಸರಿಯಾಗಿ ಕೂರಲಿಲ್ಲ. ಹಿಂದುಗಡೆ ಕೂದಲೆಳೆಯಷ್ಟು ಸಂದು. ಅಲ್ಲಿ ಪುಟ್ಟಿ ಹಾಕಿದರೆ ಉಜ್ಜುವಾಗ ಕುಳಿ ಬೀಳುತ್ತದೆ. ಫೆವಿಕ್ವಿಕ್‌ಗೆ ಟಾಲ್ಕಂ ಪೌಡರ್ ಕಲಸಿ, ಹಲ್ಲುಕಡ್ಡಿ ತುದಿಯಿಂದ ಸಂದಿಗೆ ತುಂಬಿದೆ. ಹದಿನೈದು ನಿಮಿಷದೊಳಗೆ ಉಜ್ಜಿಬಿಡಬೇಕು. ರಾತ್ರಿಯಿಡೀ ಬಿಟ್ಟರೆ ಕಲ್ಲಾಗುತ್ತದೆ. 800, ಆಮೇಲೆ 1200 ನಂಬರಿನ ವಾಟರ್ ಪೇಪರ್. ಬೆರಳು ಸವರಿದಾಗ ಮೈ ಎಲ್ಲಿ ಮುಗಿಯಿತು, ಉಬ್ಬು ಎಲ್ಲಿ ಶುರುವಾಯಿತು ಅಂತ ಗೊತ್ತಾಗಬಾರದು. ಮೂರನೇ ದಿನ ಆ ಹದ ಸಿಕ್ಕಿತು.

ಹೊಟ್ಟೆಯ ಹಲಗೆ, ರೆಕ್ಕೆಯ ಹಲ್ಲು

ಬಾಲದ ಕಡೆ ಹೊಟ್ಟೆಗೆ ಅಂಟಿಕೊಂಡ ಹಾಗೆ ಒಂದು ಬಾಗಿದ ಹಲಗೆ ಇದೆ. ಹಾರುವಾಗ ಗಾಳಿಗೆ ಅಡ್ಡ ತೆರೆದು ವೇಗ ತಗ್ಗಿಸುವ ಏರ್‌ಬ್ರೇಕ್. ಇದು ಆಮೇಲೆ ಸೇರಿಸಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ, ಮೈಯ ಗೆರೆಯೊಳಗೆ ಅದು ಅಡಗಿಕೊಳ್ಳುವುದೇ ಇಲ್ಲ. ಮೊದಲಿಗೆ, ಇಳಿಯುವಾಗ ಕೆಳಕ್ಕೆ ಬಾಗಿಸುವ ರೆಕ್ಕೆಯ ಹಿಂಬದಿಯ ಫ್ಲಾಪ್‌ಗಳನ್ನೇ ಏರ್‌ಬ್ರೇಕ್ ಆಗಿ ಬಳಸುವ ಯೋಚನೆ ಇತ್ತು. ವೇಗದಲ್ಲಿ ಫ್ಲಾಪ್ ಇಳಿಸಿದರೆ ಮೂಗು ಮೇಲೆ ಕೆಳಗೆ ಆಡತೊಡಗಿತು. ಬೇರೆ ಬೇರೆ ಜಾಗದಲ್ಲಿ ಹಲಗೆ ಕೂರಿಸಿ ನೋಡಿ, ಕೊನೆಗೆ ಇಲ್ಲಿ ಬಂದು ನಿಂತಿತು. ವಿಮಾನ ಸೇವೆಗೆ ಬರುವುದು ತಡವಾದದ್ದಕ್ಕೆ ಇದೂ ಒಂದು ಕಾರಣ.

ನಾನು ಈ ಹಲಗೆಯನ್ನು ತೆರೆದ ಹಾಗೆ ಅಂಟಿಸಿದ್ದೆ. ಒಳಗಿನ ಕೀಲೆಲ್ಲ ಕಾಣುತ್ತದೆ, ಚಂದ ಅಂತ. ಫೋಟೋ ಕಳಿಸಿದ ಐದು ನಿಮಿಷಕ್ಕೆ ಚಿಕ್ಕಪ್ಪನ ಫೋನ್ ಬಂತು.

"ಎಂತ ಮಾರಾಯ, ಚಕ್ರ ಇಳಿದಿದೆ, ಏರ್‌ಬ್ರೇಕ್ ತೆರೆದಿದೆ? ಚಕ್ರ ಇಳಿಸಿದ ಮೇಲೆ ಅದು ತೆರೆಯುವುದೇ ಇಲ್ಲ. ನೆಲಕ್ಕೆ ತಾಗ್ತದಲ್ವಾ."

ಮಾದರಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆ. ಹೌದು, ಬಾಲ ಸ್ವಲ್ಪ ತಗ್ಗಿದರೆ ಹಲಗೆ ನೆಲಕ್ಕೆ. ಅವತ್ತೇ ಬ್ಲೇಡ್ ಹಾಕಿ ಬಿಡಿಸಿದೆ, ಮುಚ್ಚಿ ಅಂಟಿಸಿದೆ. ಕೀಲು ಮಾಡಿದ ಎರಡು ಸಂಜೆಯ ಕೆಲಸ ಒಳಗೆ ಹೋಯಿತು. ಬೇಸರ ಆಗಲಿಲ್ಲ. ಸರಿಯಾಗಿರುವುದು ಮುಖ್ಯ.

ರೆಕ್ಕೆಯ ಮುಂದಿನ ಅಂಚಿನ ಹೊರಭಾಗ ಸ್ವಲ್ಪ ಮುಂದಕ್ಕೆ ಚಾಚಿದೆ. ಅದು ಶುರುವಾಗುವಲ್ಲಿ ಒಂದು ಹಲ್ಲಿನಂಥ ಮೆಟ್ಟಿಲು. ಎಫ್.6ರ ಕಾಲದಲ್ಲಿ ಬಂದ ತೇಪೆ ಇದು. ಹಿಂದಕ್ಕೆ ಬಾಗಿದ ರೆಕ್ಕೆಯ ಗುಣ ಏನೆಂದರೆ, ಜೋರಾಗಿ ತಿರುಗಿಸಿದಾಗ ಎತ್ತುವ ಶಕ್ತಿ ಮೊದಲು ಕಳೆದುಹೋಗುವುದು ತುದಿಯಲ್ಲಿ. ತುದಿ ಇರುವುದು ಹಿಂದೆ. ಹಿಂದಿನ ಆಸರೆ ಹೋದರೆ ಮೂಗು ತಾನಾಗಿ ಮೇಲೇಳುತ್ತದೆ, ತಿರುವು ಇನ್ನೂ ಬಿಗಿಯಾಗುತ್ತದೆ. ಪೈಲಟ್ ಕೇಳದೆಯೇ ಇದೆಲ್ಲ ಆಗುತ್ತದೆ. ಈ ಹಲ್ಲು ಗಾಳಿಯಲ್ಲಿ ಒಂದು ಸುಳಿ ಎಬ್ಬಿಸಿ, ತುದಿಯ ಮೇಲಿನ ಗಾಳಿ ಬಿಟ್ಟುಹೋಗದ ಹಾಗೆ ನೋಡಿಕೊಳ್ಳುತ್ತದೆ.

ಬಲರೆಕ್ಕೆಯ ಅಂಚು ಉಜ್ಜುವಾಗ ನಾನು ಈ ಹಲ್ಲನ್ನು ಮೊಂಡು ಮಾಡಿಬಿಟ್ಟೆ. ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಅಕ್ಕಿಕಾಳಿನಷ್ಟು ತುಂಡು ಕತ್ತರಿಸಿ, ಅಂಟಿಸಿ, ಅರದಿಂದ ಮತ್ತೆ ಚೂಪು ಮಾಡಿದೆ. ಪ್ರೈಮರ್ ಹೊಡೆದ ಮೇಲೆ ಎರಡು ಹಲ್ಲೂ ಒಂದೇ ಥರ ಕಂಡವು.

ಟ್ಯಾಂಕು

ಎಫ್.6ರಿಂದ ಎಫ್‌ಜಿಎ.9 ಮಾಡುವ ನಿಜವಾದ ಕೆಲಸ ಇಲ್ಲಿಂದ. ರೆಕ್ಕೆಯ ಕೆಳಗೆ 230 ಗ್ಯಾಲನ್‌ನ, ಅಂದರೆ ಸುಮಾರು 1,045 ಲೀಟರಿನ ಎರಡು ದೊಡ್ಡ ಟ್ಯಾಂಕು ಬರಬೇಕು. ಇಷ್ಟು ಉದ್ದದ ಟ್ಯಾಂಕ್ ನೇತುಹಾಕಿದರೆ ಫ್ಲಾಪ್ ಇಳಿಸುವಾಗ ತಾಗುತ್ತದೆ. ಅದಕ್ಕೆ ಫ್ಲಾಪನ್ನೇ ಕಚ್ಚು ಹಾಕಿ ಕತ್ತರಿಸಿದರು. ನಾನೂ ಗುರುತು ಹಾಕಿ, ಸೂಜಿಯಿಂದ ಸಾಲಾಗಿ ತೂತು ಕೊರೆದು, ತೂತುಗಳನ್ನು ಬ್ಲೇಡಿನಿಂದ ಜೋಡಿಸಿ ಕಚ್ಚು ತೆಗೆದೆ. ಟ್ಯಾಂಕಿನಿಂದ ರೆಕ್ಕೆಗೆ ಒಂದು ಆಸರೆ ಕಂಬಿಯೂ ಬೇಕು. ಅದಕ್ಕೆ ಸ್ಪ್ರೂವನ್ನು, ಅಂದರೆ ಕಿಟ್‌ನ ತುಂಡುಗಳನ್ನು ಹಿಡಿದಿಡುವ ಪ್ಲಾಸ್ಟಿಕ್ ಕಡ್ಡಿಯನ್ನು, ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದ ಎಳೆ ಸಾಕಾಯಿತು.

ಟ್ಯಾಂಕ್ ಯಾಕೆ ಇಷ್ಟು ಮುಖ್ಯ ಅಂತ ತಿಳಿಯಬೇಕಾದರೆ 1956ರ ಫೆಬ್ರವರಿ 8ಕ್ಕೆ ಹೋಗಬೇಕು. ಅವತ್ತು ಇಂಗ್ಲೆಂಡಿನ ನಾರ್ಫೋಕ್‌ನ ವೆಸ್ಟ್ ರೇನಮ್ ನೆಲೆಯಿಂದ ಎಂಟು ಎಫ್.1 ಹಂಟರ್‌ಗಳು ತರಬೇತಿಗೆ ಹೊರಟವು. ಹವೆ ಇದ್ದಕ್ಕಿದ್ದ ಹಾಗೆ ಕೆಟ್ಟಿತು. ಪಕ್ಕದ ಮಾರಮ್ ನೆಲೆಗೆ ಹೋಗಲು ಹೇಳಿದರು. ಅಲ್ಲೂ ನೆಲ ಕಾಣುತ್ತಿರಲಿಲ್ಲ. ಮೊದಲ ಹಂಟರ್‌ಗಳಲ್ಲಿ ಇಂಧನ ಎಷ್ಟು ಕಡಿಮೆ ಇತ್ತೆಂದರೆ ಇನ್ನೊಂದು ಸುತ್ತು ಹಾಕಿ, ಬೇರೆ ಜಾಗ ಹುಡುಕುವ ಅವಕಾಶವೇ ಇರಲಿಲ್ಲ. ಇಳಿದದ್ದು ಎರಡೇ. ಆರು ವಿಮಾನ ಹೋದವು. ಒಬ್ಬ ಪೈಲಟ್ ತೀರಿಕೊಂಡರು. ಅದೇ ವರ್ಷದ ಕೊನೆಗೆ ಸೂಯೆಜ್ ಗಲಾಟೆಯಲ್ಲಿ ಸೈಪ್ರಸ್‌ನಿಂದ ಹಾರಿದ ಹಂಟರ್‌ಗಳಿಗೂ ಇದೇ ಕೊರತೆ. ಈಜಿಪ್ಟ್ ತಲುಪಿದರೆ ಅಲ್ಲಿ ನಿಲ್ಲಲು ನಿಮಿಷಗಳಷ್ಟೇ ಸಿಗುತ್ತಿತ್ತು.

ಟ್ಯಾಂಕ್ ಅಂಟಿಸುವಾಗ ನನಗೆ ಆ ಎಂಟು ಜನರ ನೆನಪೇ ಬರುತ್ತಿತ್ತು. ಮೋಡದ ಮೇಲೆ, ಮೀಟರಿನ ಮುಳ್ಳು ನೋಡುತ್ತಾ.

ಬಾಲದ ಮೇಲಿನ ಗೂಡು

ಜೆಟ್ ಪೈಪಿನ ಮೇಲೆ ಬ್ರೇಕ್ ಪ್ಯಾರಾಶೂಟ್ ಇಡುವ ಗೂಡು ಎಫ್.6 ಕಿಟ್‌ನಲ್ಲಿ ಇಲ್ಲ. ಎಂ-ಸೀಲ್ ಕಲಸಿ, ಬಟಾಣಿಯಷ್ಟು ಉಂಡೆ ಮಾಡಿ, ಪೈಪಿನ ಮೇಲೆ ಒತ್ತಿ ಕೂರಿಸಿದೆ. ಒದ್ದೆ ಬೆರಳಿನಿಂದ ಆಕಾರ ಕೊಟ್ಟು, ಗಟ್ಟಿಯಾದ ಮೇಲೆ ಅರ, ಆಮೇಲೆ ವಾಟರ್ ಪೇಪರ್. ಮೊದಲನೆಯದು ತುಂಬಾ ದಪ್ಪ ಬಂತು. ಬದಿಯಿಂದ ತೆಗೆದ ಫೋಟೋಗಳ ಜೊತೆ ಹೋಲಿಸಿ ನೋಡಿ, ಕಿತ್ತು, ಮತ್ತೆ ಮಾಡಿದೆ. ಎರಡನೆಯದು ನಿಂತಿತು.

ಏಡನ್‌ನಂಥ ಊರಿನಲ್ಲಿ ಗಾಳಿ ಬಿಸಿ, ತೆಳು. ವಿಮಾನ ವೇಗವಾಗಿ ಬಂದು ಇಳಿಯುತ್ತದೆ, ಬ್ರೇಕುಗಳ ಮೇಲೆ ಹೊರೆ ಜಾಸ್ತಿ. ಪ್ಯಾರಾಶೂಟ್ ಬೇಕಾದದ್ದು ಅದಕ್ಕೆ. ಪೈಲಟ್ ಕೂರುವ ಜಾಗಕ್ಕೆ ತಂಪು ಗಾಳಿಯ ವ್ಯವಸ್ಥೆಯನ್ನೂ ಹೆಚ್ಚಿಸಿದರು.

ಇಲ್ಲಿ ನಮ್ಮ ಕಡೆಯ ಒಂದು ಎಳೆ ಇದೆ. 1958ರಲ್ಲಿ, ಹಳೆಯ ವೆನಮ್ ವಿಮಾನದ ಜಾಗಕ್ಕೆ ಯಾವುದು ಬೇಕು ಅಂತ ನೋಡಲು ಬ್ರಿಟಿಷರು ಏಡನ್‌ನಲ್ಲೇ ಪರೀಕ್ಷೆ ಇಟ್ಟರು. ಕಣದಲ್ಲಿ ಹಂಟರ್, ಜೆಟ್ ಪ್ರೊವೊಸ್ಟ್ ಮತ್ತು ಪುಟಾಣಿ ನ್ಯಾಟ್. ಹಂಟರ್ ಗೆದ್ದಿತು, ಎಫ್‌ಜಿಎ.9 ಹುಟ್ಟಿತು. ಒಂಟಿ ಸೀಟಿನ ನ್ಯಾಟ್ ಯುದ್ಧವಿಮಾನಕ್ಕೆ ಬ್ರಿಟಿಷ್ ವಾಯುಪಡೆಯಲ್ಲಿ ಕೆಲಸ ಸಿಗಲಿಲ್ಲ. ಅದೇ ನ್ಯಾಟನ್ನು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಕಟ್ಟಿದರು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಹೊಡೆದು ಅದು ಹೆಸರು ಮಾಡಿತು. ಮುಂದೆ ಅದನ್ನೇ ಬೆಳೆಸಿ ಅಜಿತ್ ಮಾಡಿದ್ದೂ ಬೆಂಗಳೂರಿನಲ್ಲೇ. ಮುಂದಿನ ಕಿಟ್ ನ್ಯಾಟ್ ಅಂತ ಆಗಲೇ ಬರೆದಿಟ್ಟುಕೊಂಡೆ.

ರೆಕ್ಕೆಯ ಕೆಳಗೆ ಹಾಕುವ ಮೂರು ಇಂಚಿನ ರಾಕೆಟ್‌ಗಳ ವಿಷಯದಲ್ಲಿ ಮಾತ್ರ ತುಂಬಾ ಯೋಚನೆ ಮಾಡಿದೆ. 1964ರಲ್ಲಿ 8 ಮತ್ತು 43ನೇ ಸ್ಕ್ವಾಡ್ರನ್‌ಗಳು ಏಡನ್‌ನ ಉತ್ತರದ ರದ್ಫಾನ್ ಬೆಟ್ಟಗಳಲ್ಲಿ ಅವನ್ನು ದಿನವೂ ಬಳಸಿದವು. ಅದೇ ವರ್ಷ ಮಾರ್ಚ್ 28ರಂದು ಹಂಟರ್‌ಗಳು ಯೆಮನ್ ಗಡಿ ದಾಟಿ ಹರೀಬ್ ಕೋಟೆಗೆ ದಾಳಿ ಮಾಡಿದವು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಆ ದಾಳಿಗೆ ವಿಷಾದ ವ್ಯಕ್ತಪಡಿಸಿ ನಿರ್ಣಯ ಮಾಡಿತು. ಈ ವಿಮಾನ ನನಗೆ ಎಷ್ಟು ಇಷ್ಟವೋ ಅಷ್ಟೇ ನಿಜ, ಅದರ ಕೆಳಗೆ ಆ ಬೆಟ್ಟಗಳಲ್ಲಿ ಮನೆಗಳಿದ್ದವು, ಜನ ಇದ್ದರು. ರಾಕೆಟ್ ಹಾಕುವುದು ಬೇಡ ಅನ್ನಿಸಿತು. ನನ್ನ ಹಂಟರ್ ಟ್ಯಾಂಕ್ ಮಾತ್ರ ಹೊತ್ತು ನಿಂತಿದೆ.

ಬಣ್ಣ ಮತ್ತು ಮಳೆ

ಬಣ್ಣಕ್ಕೆ ಕೈ ಹಾಕುವಾಗ ಜೂನ್ ಮಧ್ಯ. ಮಂಗಳೂರಿನ ಮಳೆ ಗೊತ್ತಲ್ಲ, ಪುಸ್ತಕದ ರಟ್ಟಿನ ಮೇಲೂ ಬೂಸ್ಟು ಬರುತ್ತದೆ. ಮೇಲೆ ಗಾಢ ಹಸಿರು ಮತ್ತು ಗಾಢ ಸಮುದ್ರ ಬೂದು, ಬ್ರಿಟಿಷ್ ಬಣ್ಣದ ಪಟ್ಟಿಯಲ್ಲಿ 641 ಮತ್ತು 638. ಕೆಳಗೆ ಬೆಳ್ಳಿ. ಬೆಳ್ಳಿ ಮೊದಲು ಹೊಡೆದೆ, ಚೆನ್ನಾಗಿ ಬಂತು. ಬೂದು ಬಂತು. ಹಸಿರಿಗೆ ಮೊದಲು ಬ್ಲೂಟ್ಯಾಕ್ ಎಂಬ ಮೆತ್ತನೆಯ ಅಂಟಿನ ಉದ್ದನೆಯ ಸುರುಳಿ ಇಟ್ಟು ಗಡಿ ಮಾಡಿದೆ. ಅಂಚು ತುಂಬಾ ಮಂಜಾಯಿತು. ಹತ್ತಿರದ ಫೋಟೋಗಳಲ್ಲಿ ಗೆರೆ ಸಾಕಷ್ಟು ಚೂಪಾಗಿದೆ. ಮತ್ತೆ ಬೂದು ಹೊಡೆದು, ಮಾಸ್ಕಿಂಗ್ ಟೇಪನ್ನು ಅಲೆ ಅಲೆಯಾಗಿ ಕತ್ತರಿಸಿ ಅಂಟಿಸಿ, ಹಸಿರು ಹೊಡೆದೆ. ಟೇಪ್ ಎಬ್ಬಿಸಿದಾಗ ಗೆರೆ ಶುದ್ಧವಾಗಿ ಬಂತು. ಆ ಕ್ಷಣಕ್ಕೆ ಸಾಟಿ ಇಲ್ಲ.

ಏಟು ಬಿದ್ದದ್ದು ಮೇಲಿನ ಲ್ಯಾಕರ್‌ಗೆ. ಹೊಳಪಿನ ಪದರ ಹೊಡೆದು ತಿರುಗಿ ನೋಡುವಷ್ಟರಲ್ಲಿ ಎಡರೆಕ್ಕೆಯ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಬ್ಬು. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ಥಿನ್ನರ್ ಆರುವಾಗ ತಣ್ಣಗಾಗುವ ಮೇಲ್ಮೈಗೆ ನೀರಿನಂಶ ಕೂತುಬಿಡುತ್ತದೆ, ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಗಾಬರಿಯಲ್ಲಿ ಒರೆಸಲು ಹೋಗಬೇಡಿ. ನಾನು ಹಾಗೇ ಬಿಟ್ಟೆ. ನಾಲ್ಕು ದಿನದ ನಂತರ ಒಂದು ಮಧ್ಯಾಹ್ನ ಬಿಸಿಲು ಬಂತು. ನಿಧಾನಕ್ಕೆ ಆರುವ ರಿಟಾರ್ಡರ್ ಥಿನ್ನರನ್ನು ಮಾತ್ರ ಏರ್‌ಬ್ರಷ್‌ನಲ್ಲಿ ಹಾಕಿ, ದೂರದಿಂದ ಮಂಜಿನ ಹಾಗೆ ಎರಡು ಸಲ ಬಿಟ್ಟೆ. ಪದರ ಮತ್ತೆ ಮೆತ್ತಗಾಗಿ, ತೇವ ಹೊರಗೆ ಹೋಗಿ, ಮಬ್ಬು ಕರಗುತ್ತಾ ಬಂತು. ಹಸಿರು ಮತ್ತೆ ಹಸಿರಾಯಿತು.

ಆಮೇಲಿನ ಕೆಲಸಕ್ಕೆಲ್ಲ ರಟ್ಟಿನ ಪೆಟ್ಟಿಗೆಯಲ್ಲಿ 60 ವಾಟ್‌ನ ಹಳೇ ಬಲ್ಬ್ ಉರಿಸಿ, ಅದರಲ್ಲಿ ಒಣಗಿಸಿದೆ. ಅಜ್ಜಿ ಮನೆಯಲ್ಲಿ ಕೋಳಿಮರಿಗೆ ಶಾಖ ಕೊಡುತ್ತಿದ್ದದ್ದು ಹೀಗೇ. ಬಲ್ಬಿಗೂ ಪ್ಲಾಸ್ಟಿಕ್‌ಗೂ ಒಂದು ಗೇಣು ಅಂತರ ಇರಬೇಕು.

43ರ ಕಪ್ಪು ಬಿಳಿ ಚೌಕದ ಪಟ್ಟಿ ಮತ್ತು ಹುಂಜದ ಡಿಕಾಲನ್ನು, ಅಂದರೆ ನೀರಿನಲ್ಲಿ ನೆನೆಸಿ ಅಂಟಿಸುವ ಅಚ್ಚಿನ ಚಿತ್ರವನ್ನು, ಬೇರೆಯಾಗಿ ತರಿಸಿದ್ದೆ. ಒಂದರ ಅಡಿಯಲ್ಲಿ ಗಾಳಿ ಸೇರಿ ಬೆಳ್ಳಗೆ ಮಿನುಗಿತು. ಸೂಜಿಯಿಂದ ಚುಚ್ಚಿ, ಡಿಕಾಲ್ ಮೆತ್ತಗೆ ಮಾಡುವ ದ್ರಾವಣ ಬಿಟ್ಟು, ಒದ್ದೆ ಹತ್ತಿಯಿಂದ ಒತ್ತಿದೆ. ಬೆಳಿಗ್ಗೆ ನೋಡಿದರೆ ಬಣ್ಣ ಬಳಿದ ಹಾಗೆ ಕೂತಿತ್ತು. ಕೊನೆಗೆ ತೋಪಿನ ಬಾಯಿಯಿಂದ ಹಿಂದಕ್ಕೆ ಸ್ವಲ್ಪ ಮಸಿ. ಪೆನ್ಸಿಲ್ ಸೀಸದ ಪುಡಿಯನ್ನು ಒಣ ಬ್ರಷ್‌ನಲ್ಲಿ ತಿಕ್ಕಿದೆ.

ಆಗಸ್ಟಿನಲ್ಲಿ ಚಿಕ್ಕಪ್ಪ ಮನೆಗೆ ಬಂದರು. ಕನ್ನಡಕ ಬದಲಿಸಿಕೊಂಡು ಮಾದರಿಯನ್ನು ಎರಡೂ ಕೈಯಲ್ಲಿ ಎತ್ತಿದರು. ಮೇಲಿನ ಬಣ್ಣ ನೋಡಲೇ ಇಲ್ಲ. ನೇರ ಮಗುಚಿ ಹೊಟ್ಟೆ ನೋಡಿದರು. ಮುಚ್ಚಿದ ಏರ್‌ಬ್ರೇಕ್ ನೋಡಿ ತಲೆಯಾಡಿಸಿದರು. ಹೆಬ್ಬೆರಳು ಮೆಲ್ಲಗೆ ಮುಂದೆ ಸರಿದು ಎರಡು ಉಬ್ಬುಗಳ ಮೇಲೆ ಹೋಗಿ ನಿಂತಿತು.

"ಫೈರಿಂಗ್ ಮುಗಿಸಿ ಬಂದ ಕೂಡ್ಲೇ ಆರ್ಮಮೆಂಟಿನವರು ಮೊದಲು ಇದಕ್ಕೇ ಕೈ ಹಾಕ್ತಿದ್ರು" ಅಂದರು. "ತೆಗೆದ್ರೆ ಲಿಂಕೆಲ್ಲ ಬಕೆಟಿಗೆ ಸುರಿಯುವ ಶಬ್ದ. ಕೈ ಇಟ್ರೆ ಇನ್ನೂ ಬಿಸಿ ಇರ್ತಿತ್ತು."